ಬೇರಿಂಗಿನ ಸದ್ದು

ಕೊಯಮತ್ತೂರಿನ ಗಣಪತಿ ಬಡಾವಣೆಯ ಓಣಿಗಳಲ್ಲಿ ಮೋಟರು ರಿಪೇರಿ ಮಾಡುವ ಹಳಬರ ಕೆಲಸವನ್ನು ನೋಡಿದವರಿಗೆ ಒಂದು ದೃಶ್ಯ ನೆನಪಿರುತ್ತದೆ. ಓಡುತ್ತಿರುವ ಮೋಟರಿನ ಮೈಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಅರೆಗಳಿಗೆ ನಿಲ್ಲುತ್ತಾರೆ. ನಮಗೆ ಅದು ಬರೀ ಗುಂಯ್‌ಗುಟ್ಟುವ ಮೋಟರು. ಅವರಿಗೆ ಒಳಗಿನ ಬೇರಿಂಗು ಸವೆಯುತ್ತಿರುವುದು ಕೇಳಿಸುತ್ತದೆ. ಮೇಲಿನ ತೊಟ್ಟಿಗೆ ನೀರು ಎಂದಿನಂತೆಯೇ ಏರುತ್ತಿರುತ್ತದೆ. ಮೀಟರಿನ ಮುಳ್ಳು ಇರಬೇಕಾದಲ್ಲೇ ಇರುತ್ತದೆ. ಆದರೂ ಅವರು "ಈಗಲೇ ಬಿಚ್ಚಿಬಿಡಿ, ಬಹಳ ದಿನ ತಾಳುವುದಿಲ್ಲ" ಎನ್ನುತ್ತಾರೆ. ಮಾತು ಕೇಳಿದವರಿಗೆ ಒಂದು ಬೇರಿಂಗಿನ ಖರ್ಚು. "ಓಡ್ತಾ ಇದೆಯಲ್ಲ" ಎಂದವರಿಗೆ ವೈಂಡಿಂಗೇ ಸುಟ್ಟು ಮೋಟರಿನಷ್ಟೇ ಖರ್ಚು.

ಪಂಪು, ವೆಟ್ ಗ್ರೈಂಡರು, ಫೌಂಡ್ರಿಗಳ ನಡುವೆ ಬೆಳೆದ ಈ ಊರಿಗೆ ಆ ವಿದ್ಯೆಯ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಇವತ್ತು ಅದನ್ನು ನೆನಪಿಸುತ್ತಿರುವುದು ಬೇರೊಂದು ಯಂತ್ರದ ಸಲುವಾಗಿ. ಟೆಕ್ಸ್‌ಟೂಲ್ ನಿಲ್ದಾಣ ದಾಟಿ ಸತ್ಯಮಂಗಲದ ರಸ್ತೆ ಹಿಡಿದರೆ ಬೆಳಗಿನ ಹೊತ್ತು ಕಣ್ಣಿಗೆ ಬೀಳುವುದು ಕಾಲೇಜು ಬಸ್ಸುಗಳೇ. ಆ ಬಸ್ಸುಗಳಲ್ಲಿ ಕೂತು ಹೋಗುವ ಮಕ್ಕಳ ಪಾಠದ ಒಂದು ಪಾಲು ಈಗ ತರಗತಿಯ ಗೋಡೆಯಾಚೆ, ಮೊಬೈಲಿನೊಳಗೆ ನಡೆಯುತ್ತದೆ. 2020ರ ಮಾರ್ಚಿನಲ್ಲಿ ಕಾಲೇಜುಗಳ ಬಾಗಿಲು ಮುಚ್ಚಿದಾಗ ಅನಿವಾರ್ಯವಾಗಿ ಹಿಡಿದ ದಾರಿ ಬಾಗಿಲು ತೆರೆದ ಮೇಲೂ ಉಳಿದುಕೊಂಡಿತು. ಉಳಿಯಲು ನಿಯಮದ ಬೆಂಬಲವೂ ಇತ್ತು. ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯ ಕೋರ್ಸುಗಳಿಂದ ಒಂದು ಪದವಿಯ ಶೇ 20ರಷ್ಟು ಪಾಠವನ್ನು ಪಡೆಯಬಹುದು ಎಂದು 2016ರಲ್ಲಿ ಹೇಳಿದ್ದ ಯುಜಿಸಿ, 2021ರಲ್ಲಿ ಆ ಮಿತಿಯನ್ನು ಶೇ 40ಕ್ಕೆ ಏರಿಸಿತು. ನಾವು ಆನ್‌ಲೈನ್ ಪಾಠದ ವಿರೋಧಿಗಳಲ್ಲ. ಬೇರಿಂಗು ಸವೆದಿದೆ ಎನ್ನುವವನು ಮೋಟರಿನ ವಿರೋಧಿಯಲ್ಲವಷ್ಟೆ.

ಆನ್‌ಲೈನ್ ಪಾಠ ಬರೀ ವಿಡಿಯೊ ಪ್ರದರ್ಶನವಾಗಬಾರದು ಎಂದು ಅದನ್ನು ಕಟ್ಟಿದವರಿಗೂ ಗೊತ್ತಿತ್ತು. 2017ರಲ್ಲಿ ಶುರುವಾದ ಸ್ವಯಂ ಕೋರ್ಸಿಗೆ ಮಂಚದ ಹಾಗೆ ನಾಲ್ಕು ಕಾಲು: ವಿಡಿಯೊ ಉಪನ್ಯಾಸ, ಓದುವ ಸಾಮಗ್ರಿ, ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಮತ್ತು ಚರ್ಚೆ. ಈ ನಾಲ್ಕನೆಯ ಕಾಲಿಗೆ ಜೀವ ಬರಲೆಂದೇ ಈಗ ದನಿ, ಚಿತ್ರ, ವಿಡಿಯೊಗಳ ಚರ್ಚಾ ಸಾಧನಗಳು ಬಂದಿವೆ. ಮೇಷ್ಟ್ರು ಒಂದು ಚಿತ್ರವನ್ನೋ ಪ್ರಶ್ನೆಯನ್ನೋ ಹಾಕುತ್ತಾರೆ. ವಿದ್ಯಾರ್ಥಿ ಟೈಪು ಮಾಡುವ ಬದಲು ಫೋನಿಗೆ ಮಾತಾಡಿ ಅದರ ಕೆಳಗೆ ಜೋಡಿಸುತ್ತಾನೆ. ಇನ್ನೊಬ್ಬಳು ಅದನ್ನು ಕೇಳಿ ತನ್ನ ದನಿಯಲ್ಲಿ ಉತ್ತರಿಸುತ್ತಾಳೆ. ವಾಯ್ಸ್‌ಥ್ರೆಡ್, ಪ್ಯಾಡ್‌ಲೆಟ್‌ಗಳಂಥ ಹೆಸರಾಂತ ಸಾಧನಗಳು ಸಾಲದಿದ್ದರೆ ಹೇಗೂ ವಾಟ್ಸ್‌ಆ್ಯಪ್ ಗುಂಪು ಇದೆ.

ಇದರಿಂದ ಆದ ಒಳ್ಳೆಯದನ್ನು ಮೊದಲು ಒಪ್ಪಿಕೊಳ್ಳಬೇಕು. ಕೊಯಮತ್ತೂರು ಸೀಮೆಯಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗರ ಮನೆಗಳು, ಒಕ್ಕಲಿಗರ ಮನೆಗಳು ತಲೆತಲಾಂತರದಿಂದ ಇವೆ. 1956ರ ರಾಜ್ಯ ವಿಂಗಡಣೆಯವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು ಎಂಬುದನ್ನು ಹಿರಿಯರು ಮರೆತಿಲ್ಲ. ಈ ಮನೆಗಳ ಮಕ್ಕಳಿಗೆ ಅಡುಗೆಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷು. ಮೂರು ಹೊಸಿಲು ದಾಟಿ ಬರುವ ಮಾತು ತರಗತಿಯಲ್ಲಿ ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ನಮ್ಮ ಬೀದಿಯಲ್ಲಿ ಅಂಥ ಒಬ್ಬ ಹುಡುಗಿ ಇದ್ದಾಳೆ. ಕೆಳಗೆ ಲೇತ್ ಶೆಡ್ಡು, ಮೇಲೆ ಮನೆ. ಮೊದಲ ವರ್ಷವೆಲ್ಲ ತರಗತಿಯಲ್ಲಿ ಬಾಯಿ ಬಿಡದವಳು ಈ ಸಾಧನ ಬಂದ ಮೇಲೆ ರಾತ್ರಿ ಲೇತ್ ನಿಂತ ಹೊತ್ತು ನೋಡಿ ಮಹಡಿಗೆ ಹೋಗಿ, ನೀರಿನ ತೊಟ್ಟಿಯ ಪಕ್ಕ ನಿಂತು ಮಾತಾಡಲು ಕಲಿತಳು. ತಪ್ಪಿದರೆ ಅಳಿಸುವುದು, ಮತ್ತೆ ಹೇಳುವುದು. "ಕ್ಲಾಸಲ್ಲಿ ಬಾಯೇ ಬರಲ್ಲ ತಾತ, ಇದ್ರಲ್ಲಿ ಬರುತ್ತೆ" ಎಂದಿದ್ದಳು. ಮೊದಲ ವಾರ ಅವಳು ನಾಲ್ಕು ನಿಮಿಷ ಮಾತಾಡಿದ್ದಳು.

ಈಗ ಸದ್ದಿಗೆ ಕಿವಿಯಿಡೋಣ.

ಮೊದಲನೆಯದು ಅವಧಿ. ಮೊದಲ ವಾರದ ನಾಲ್ಕು ನಿಮಿಷ ಐದನೆಯ ವಾರಕ್ಕೆ ನಲವತ್ತು ಸೆಕೆಂಡಿಗೆ ಇಳಿಯಿತು. ಇಳಿದದ್ದು ಒಬ್ಬಳದಲ್ಲ. ಮೊದಲು ಆ ದನಿಗಳಲ್ಲಿ ತಡವರಿಕೆ ಇತ್ತು, "ಅಲ್ಲ, ಹಾಗಲ್ಲ" ಎಂದು ತನ್ನನ್ನೇ ತಿದ್ದಿಕೊಳ್ಳುವುದಿತ್ತು. ಈಗ ಮಾತು ಸರಾಗ. ಕೇಳುವವರಿಗೆ ಸಂತೋಷವಾಗಬೇಕು. ಆದರೆ ಗಮನವಿಟ್ಟು ಕೇಳಿದರೆ ನಡುವೆ ಹಾಳೆ ಮಗುಚುವ ಸದ್ದು ಕೇಳಿಸುತ್ತದೆ. ಯೋಚಿಸುತ್ತಿದ್ದ ದನಿ ಓದುವ ದನಿಯಾಗಿದೆ.

ಎರಡನೆಯದು ಉತ್ತರಗಳು. ಗೆಳತಿಯ ಮೂರು ನಿಮಿಷದ ಮಾತಿಗೆ ಇಪ್ಪತ್ತು ಸೆಕೆಂಡಿನೊಳಗೆ ಪ್ರತಿಕ್ರಿಯೆ ಬಂದಿರುತ್ತದೆ: "ತುಂಬಾ ಚೆನ್ನಾಗಿ ಹೇಳಿದಿರಿ." ಪ್ರತಿಯೊಬ್ಬರೂ ಇಬ್ಬರಿಗೆ ಉತ್ತರಿಸಬೇಕೆಂಬ ನಿಯಮ ಪಾಲನೆಯಾಗಿದೆ. ಆ ವಾಕ್ಯವನ್ನು ಎತ್ತಿ ಬೇರೆ ಯಾರ ಮಾತಿನ ಕೆಳಗೆ ಇಟ್ಟರೂ ಹೊಂದುತ್ತದೆ. ಎಲ್ಲರ ಕಾಲಿಗೂ ಆಗುವ ಚಪ್ಪಲಿ ಯಾರ ಅಳತೆಯನ್ನೂ ತೆಗೆದುಕೊಂಡು ಹೊಲಿದದ್ದಲ್ಲ.

ಮೂರನೆಯದು ಮೇಷ್ಟ್ರ ಕಡೆಯ ಸದ್ದು. ಇಲ್ಲಿ ಬೈಯುವ ಮೊದಲು ಲೆಕ್ಕ ಹಾಕಬೇಕು. ಅರವತ್ತು ವಿದ್ಯಾರ್ಥಿಗಳು ತಲಾ ಮೂರು ನಿಮಿಷ ಮಾತಾಡಿದರೆ 180 ನಿಮಿಷ, ಅಂದರೆ ಮೂರು ಗಂಟೆ. ಮೂರು ತರಗತಿಗಳಿದ್ದರೆ ವಾರಕ್ಕೆ ಒಂಬತ್ತು ಗಂಟೆ ಬರೀ ಕೇಳುವ ಕೆಲಸ. ಯುಜಿಸಿಯ 2018ರ ನಿಯಮ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಯ ನೇರ ಬೋಧನೆ ಹೇಳುತ್ತದೆ. ಆ ಹದಿನಾರರ ಮೇಲೆ ಈ ಒಂಬತ್ತನ್ನು ಯಾವ ಖಾತೆಗೆ ಬರೆಯುವುದು ಎಂದು ಕೇಳಿದರೆ ಸಭೆಯಲ್ಲಿ ಎಲ್ಲರೂ ಗಡಿಯಾರ ನೋಡುತ್ತಾರೆ. ಹಾಗಾಗಿ ಮೇಷ್ಟ್ರು ಮೊದಲು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾರೆ, ಆಮೇಲೆ ಎರಡು ಪಟ್ಟು, ಆಮೇಲೆ ಯಾರು ಹಾಕಿದ್ದಾರೆ ಯಾರು ಹಾಕಿಲ್ಲ ಎಂಬ ಪಟ್ಟಿಯನ್ನಷ್ಟೇ ನೋಡುತ್ತಾರೆ. ಇದು ಸೋಮಾರಿತನವಲ್ಲ, ಮನುಷ್ಯನ ಮಿತಿ. ಆದರೆ ಮಕ್ಕಳಿಗೆ ಅದು ತಿಳಿಯಲು ಮೂರು ವಾರ ಸಾಕು.

ನಾಲ್ಕನೆಯದು ಹಿಂದೆ ಸರಿಯುವವರು. ಮಾತಿನ ಹಿಂದೆ ಶೆಡ್ಡಿನ ಗದ್ದಲ ಕೇಳಿಸಿತೆಂದು ಯಾರೋ ನಗುವ ಮುಖದ ಚಿಹ್ನೆ ಹಾಕುತ್ತಾರೆ. ತಾನಾಗಿ ಅಕ್ಷರ ಮೂಡಿಸುವ ತಂತ್ರಾಂಶ ಈ ಸೀಮೆಯ ಉಚ್ಚಾರದ ಇಂಗ್ಲಿಷನ್ನು ಏನೇನೋ ಮಾಡಿ ಪರದೆಯ ಮೇಲೆ ಬರೆಯುತ್ತದೆ; ಅದರ ಸ್ಕ್ರೀನ್‌ಶಾಟ್ ಇನ್ನೊಂದು ಗುಂಪಿಗೆ ಹೋಗುತ್ತದೆ. ಗೇಲಿಗೊಳಗಾದ ಹುಡುಗಿ ಮೊದಲು ಮುಖ ಮುಚ್ಚುತ್ತಾಳೆ, ಮರುವಾರ ದನಿ ಬಿಟ್ಟು ಎರಡು ಸಾಲು ಬರೆದು ಕೈತೊಳೆದುಕೊಳ್ಳುತ್ತಾಳೆ. ಅವಳು ಹೊರಟುಹೋದದ್ದು ಯಾವ ವರದಿಯಲ್ಲೂ ಕಾಣುವುದಿಲ್ಲ. ವರದಿಯ ಪ್ರಕಾರ ಅವಳು ಪಾಲ್ಗೊಂಡಿದ್ದಾಳೆ.

ಇವೆಲ್ಲ ಸಣ್ಣವು ಎನ್ನುವವರಿಗೆ ನಾವು ಕಂಡ ಹಳೆಯ ಕತೆಗಳನ್ನು ಹೇಳಬೇಕಾಗುತ್ತದೆ. 1969ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅಂಚೆ ತೆರಪಿನ ಶಿಕ್ಷಣ ತೆರೆದಾಗ ಅದು ಎಷ್ಟೋ ಗುಮಾಸ್ತರಿಗೆ, ಗೃಹಿಣಿಯರಿಗೆ ಪದವಿಯ ಬಾಗಿಲಾಯಿತು. ಪಾಠದ ಪುಸ್ತಿಕೆ ಮನೆಗೆ ಬರುತ್ತಿತ್ತು. ಜೀವ ಇದ್ದದ್ದು ಮಾತ್ರ ಎದುರೆದುರು ಕೂರುವ ಸಂಪರ್ಕ ತರಗತಿಗಳಲ್ಲಿ. ಆ ಪರಂಪರೆಯ ಮೇಲೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಬಂತು. ಮುಂದೆ ಅಧ್ಯಯನ ಕೇಂದ್ರಗಳು ರಾಜ್ಯದ ಗಡಿ ದಾಟಿ ಹಬ್ಬಿದವು, ಸಂಖ್ಯೆ ಬೆಳೆಯಿತು, ಸಂಖ್ಯೆಯೇ ಸಾಧನೆಯೆನಿಸಿತು. 2015ರಲ್ಲಿ ಯುಜಿಸಿ ಮಾನ್ಯತೆ ಹಿಂದಕ್ಕೆ ಪಡೆದಾಗ ಬೀದಿಗೆ ಬಿದ್ದವರು ವಿದ್ಯಾರ್ಥಿಗಳು. ಮಾನ್ಯತೆ ಮತ್ತೆ ಸಿಗಲು 2018 ಬರಬೇಕಾಯಿತು. ಆ ಕುಸಿತ ಒಂದೇ ರಾತ್ರಿಯಲ್ಲಿ ಆದದ್ದಲ್ಲ. ದೂರದ ಕೇಂದ್ರದಲ್ಲಿ ಪಾಠ ನಡೆಯುತ್ತಿದೆಯೇ ಎಂದು ನೋಡುವವರಿಲ್ಲದ ದಿನವೇ ಅದರ ಬೇರಿಂಗು ಸದ್ದು ಮಾಡತೊಡಗಿತ್ತು.

ಆಕಾಶದಿಂದ ಬಂದ ಪಾಠಗಳೂ ಇವೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಹಳ್ಳಿಗಳಿಗೆ ಟೀವಿ ಪಾಠ ಬಂತು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರದ ಕಡೆ ಜನ ಕಟ್ಟೆಯ ಮೇಲೆ ಕೂತು ನೋಡಿದರು. 1984ರ ಆಗಸ್ಟ್ 15ರಂದು ಯುಜಿಸಿಯ ದೇಶವ್ಯಾಪಿ ತರಗತಿ ದೂರದರ್ಶನದಲ್ಲಿ ಶುರುವಾಯಿತು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಮೇಲೇರಿತು. ಇದೇ ಸತ್ಯಮಂಗಲದ ರಸ್ತೆಯಲ್ಲಿ ಬಣ್ಣಾರಿ ದಾಟಿ, ದಿಂಬಂ ಘಟ್ಟದ 27 ತಿರುವು ಹತ್ತಿದರೆ ಸಿಗುವ ಚಾಮರಾಜನಗರ ಜಿಲ್ಲೆಯ ಶಾಲೆಗಳು ಅದರ ಮೊದಲ ಪ್ರಯೋಗಗಳಿಗೆ ನೆಲವಾದವು. 2010ರಲ್ಲಿ ಆ ಉಪಗ್ರಹದ ಸೇವೆ ಮುಗಿಯಿತು. ಪ್ರತಿ ಸಲವೂ ತಂತ್ರಜ್ಞಾನ ತನ್ನ ಪಾಲಿನ ಕೆಲಸ ಮಾಡಿತು. ಪ್ರತಿ ಸಲವೂ ಎಷ್ಟು ಪೆಟ್ಟಿಗೆ, ಎಷ್ಟು ಗಂಟೆ ಎಂದು ಎಣಿಸಿದೆವು. ಈ ತುದಿಯಲ್ಲಿ ಕೂತ ಮಗು ಏನು ಕೇಳಿತು, ಅದರ ಪ್ರಶ್ನೆ ಯಾರಿಗೆ ತಲುಪಿತು ಎಂಬ ಲೆಕ್ಕ ಮಾತ್ರ ಹಿಂದೆ ಬಿತ್ತು.

ಆಗ ಕೊರತೆಯಾಗಿದ್ದುದು ಮಗುವಿನ ದನಿ ಹಿಂದಕ್ಕೆ ಹೋಗುವ ದಾರಿ. ಈಗ ಆ ದಾರಿ ಇದೆ. ದಾರಿಯ ಕೊನೆಯಲ್ಲಿ ಕಿವಿ ಇಲ್ಲದಿದ್ದರೆ ಅದು ಹಳೆಯದಕ್ಕಿಂತ ಕ್ರೂರ. ಕೇಳಲಾರೆ ಎಂದವನ ಮುಂದೆ ಸುಮ್ಮನಿರಬಹುದು. ಹೇಳು ಹೇಳು ಎಂದು ಪುಸಲಾಯಿಸಿ ಮುಖ ತಿರುಗಿಸಿದವನ ಮುಂದೆ ಮಾತಾಡಿದ ಮಗು ಇನ್ನೊಮ್ಮೆ ನಂಬಿ ಬಾಯಿ ತೆರೆಯುವುದಿಲ್ಲ.

ಅಂಕ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಸ್ವಯಂ ವೇದಿಕೆಯಲ್ಲೇ ಸಿಗುವ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ವಾರದ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಚರ್ಚೆಗೆ ಅಂಕವಿಲ್ಲ, ಹಾಗಾಗಿ ಅಲ್ಲಿ ಹೆಚ್ಚಿನವರು ಸುಮ್ಮನೆ ಇಣುಕಿ ಹೋಗುತ್ತಾರೆ. ಅಂಕವಿಟ್ಟ ಕಡೆ ಎಲ್ಲರೂ ಮಾತಾಡುತ್ತಾರೆ, ಯಾರೂ ಕೇಳುವುದಿಲ್ಲ. ಒಂದು ಕಡೆ ಬಾವಿ ಬತ್ತಿದೆ, ಇನ್ನೊಂದು ಕಡೆ ನೀರು ಹರಿದು ಚರಂಡಿ ಸೇರುತ್ತಿದೆ. ಎರಡು ಕಡೆಯೂ ಬಾಯಾರಿಕೆ ಹಾಗೇ ಇದೆ.

ಸಾಧನವನ್ನೇ ನೆಚ್ಚಿ ಕೂರುವಂತೆಯೂ ಇಲ್ಲ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಫ್ಲಿಪ್‌ಗ್ರಿಡ್ ಎಂಬ ವಿಡಿಯೊ ಚರ್ಚಾ ಸಾಧನ ಜಗತ್ತಿನ ಮೇಷ್ಟ್ರುಗಳ ಅಚ್ಚುಮೆಚ್ಚಾಗಿತ್ತು. 2018ರಲ್ಲಿ ಅದನ್ನು ಮೈಕ್ರೋಸಾಫ್ಟ್ ಕೊಂಡಿತು, 2022ರಲ್ಲಿ ಹೆಸರು ಬದಲಿಸಿತು, 2024ರಲ್ಲಿ ಅದರ ಸ್ವಂತ ತಾಣವನ್ನೂ ಆ್ಯಪನ್ನೂ ಮುಚ್ಚಿ ತನ್ನ ಟೀಮ್ಸ್‌ನೊಳಗೆ ಸೇರಿಸಿಕೊಂಡಿತು. ಬಾಡಿಗೆ ಮನೆಯ ಗೋಡೆಗೆ ಹೊಡೆದ ಮೊಳೆ ನಮ್ಮದಲ್ಲ. ಮಕ್ಕಳ ದನಿ, ಮುಖ ಎಲ್ಲಿ ಕೂತಿವೆ, ಕೋರ್ಸು ಮುಗಿದ ಮೇಲೆ ಯಾರು ಅಳಿಸುತ್ತಾರೆ? 2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಮೊದಲ ವರ್ಷದ ಪದವಿಗೆ ಸೇರುವವರಲ್ಲಿ ಹದಿನೇಳರವರು ಎಷ್ಟಿಲ್ಲ?

ಹೀಗೇ ಬಿಟ್ಟರೆ ಮುಂದೇನು? ಮೊದಲು ಮಾತು ಕಂಠಪಾಠವಾಗುತ್ತದೆ. ಆಮೇಲೆ ಕಂಠಪಾಠವೂ ದಂಡವೆನಿಸಿ, 2022ರ ಕೊನೆಗೆ ಬಂದ ಚಾಟ್‌ಜಿಪಿಟಿಯಂಥವು ಬರೆದುಕೊಟ್ಟದ್ದನ್ನು ಓದುವುದಾಗುತ್ತದೆ. ಯಂತ್ರ ಬರೆದದ್ದನ್ನು ಮಗು ಓದುತ್ತದೆ. ಓದಿದ್ದನ್ನು ಯಂತ್ರ ಎಣಿಸಿ ಅಂಕ ಹಾಕುತ್ತದೆ. ನಡುವೆ ಮನುಷ್ಯರು ಬರೀ ತಂತಿ.

ಕೊನೆಗೆ ಯಾರೋ ಅಧಿಕಾರಿ ವರದಿ ಬರೆಯುತ್ತಾರೆ: ಆನ್‌ಲೈನ್ ಚರ್ಚೆಯಿಂದ ಪ್ರಯೋಜನವಿಲ್ಲ, ನಿಲ್ಲಿಸಬಹುದು. ನಿಲ್ಲುತ್ತದೆ. ತರಗತಿಯಲ್ಲಿ ಬಾಯಿ ಬಾರದ ಹುಡುಗಿಗೆ ತೆರೆದಿದ್ದ ಒಂದೇ ಕಿಂಡಿ ಮುಚ್ಚುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ನಮಗೆ ಹೊಸದಲ್ಲ.

ನಮ್ಮ ಎದುರಾಳಿ ತಂತ್ರಜ್ಞಾನವೂ ಅಲ್ಲ, ಮೇಷ್ಟ್ರೂ ಅಲ್ಲ, ಮಕ್ಕಳಂತೂ ಅಲ್ಲ. "ನೂರಕ್ಕೆ ನೂರು ಮಂದಿ ಪಾಲ್ಗೊಂಡಿದ್ದಾರೆ" ಎಂಬ ಆ ಒಂದು ಸಾಲು. ಅದನ್ನು ಓದಿ ಎಲ್ಲರೂ ನೆಮ್ಮದಿಯಿಂದ ಫೈಲು ಮುಚ್ಚುತ್ತಾರೆ. ಓಡ್ತಾ ಇದೆಯಲ್ಲ.

ಮದ್ದು ದೊಡ್ಡದಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಡ.

ಅರವತ್ತು ಮಂದಿಯ ಸಂತೆಯನ್ನು ಒಡೆದು ಆರಾರು ಮಂದಿಯ ಗುಂಪು ಮಾಡಿ; ಒಬ್ಬೊಬ್ಬರು ಕೇಳಬೇಕಾದದ್ದು ಐದೇ ದನಿ. ಉತ್ತರಿಸುವವರು ಮೊದಲು ಎದುರಿನವರು ಹೇಳಿದ್ದನ್ನು ತಮ್ಮ ಮಾತಲ್ಲಿ ಹೇಳಲಿ, ಆಮೇಲೆ ಒಪ್ಪಲಿ, ಬಿಡಲಿ.

ದನಿಯೋ ಬರಹವೋ ಎಂಬ ಆಯ್ಕೆ ವಿದ್ಯಾರ್ಥಿಗಿರಲಿ. ಗೇಲಿಗೆ ಮೊದಲ ದಿನವೇ ತಡೆ ಇರಲಿ. ಕೋರ್ಸು ಮುಗಿದ ಮೇಲೆ ದನಿಗಳನ್ನು ಅಳಿಸುವ ದಿನಾಂಕ ಮೊದಲೇ ಗೊತ್ತಿರಲಿ.

ಮೇಷ್ಟ್ರು ಕೇಳುವ ಗಂಟೆಯನ್ನು ಕೆಲಸದ ಗಂಟೆಯೆಂದು ಬರೆದುಕೊಳ್ಳಿ. ಎಲ್ಲವನ್ನೂ ಕೇಳಲಾಗದಿದ್ದರೆ ಬೇಡ. ವಾರಕ್ಕೆ ಎರಡು ಗುಂಪನ್ನು ಪೂರ್ತಿ ಕೇಳಿ, ಕೇಳಿದ್ದೇನೆ ಎಂಬುದು ಮಕ್ಕಳಿಗೆ ತಿಳಿಯುವಂತೆ ತಮ್ಮ ದನಿಯಲ್ಲಿ ಎರಡು ನಿಮಿಷ ಹೇಳಲಿ.

ಮತ್ತು ಒಂದು ಪರೀಕ್ಷೆ. ವಿಭಾಗದ ತಿಂಗಳ ಸಭೆಯಲ್ಲಿ ಅಂಕಿಸಂಖ್ಯೆಯ ಹಾಳೆ ಹಂಚುವ ಮೊದಲು, ಚೀಟಿ ಎತ್ತಿ ಒಂದು ಚರ್ಚೆಯನ್ನು ಆರಿಸಿ, ಮೊದಲಿಂದ ಕೊನೆಯವರೆಗೆ ಎಲ್ಲರೂ ಕೂತು ಕೇಳಿ. ಸ್ಕ್ರೂಡ್ರೈವರಿನ ಹಿಡಿ ಕಿವಿಗಿಡುವುದೆಂದರೆ ಇಷ್ಟೇ.

ಮೊನ್ನೆ ರಾತ್ರಿ ಲೇತ್ ನಿಂತ ಮೇಲೂ ಮಹಡಿಯಿಂದ ದನಿ ಬರಲಿಲ್ಲ. ಮರುದಿನ ಆ ಹುಡುಗಿಯನ್ನು ವಿಚಾರಿಸಿದೆವು. "ಈಗ ಮೇಲೆ ಹೋಗೋದೇ ಬೇಡ ತಾತ. ಬರೆದು ಕೊಟ್ರೆ ಫೋನೇ ಹುಡುಗಿ ದನಿಯಲ್ಲಿ ಓದುತ್ತೆ. ಹಾಕಿದ್ರೆ ಸಾಕು."

ಅಂಕ ಬಂತೇ ಎಂದು ಕೇಳಿದೆವು. ಬಂತಂತೆ. ಪೂರ್ತಿ ಬಂತಂತೆ.

ಅದು ಅವಳ ದನಿಯಲ್ಲವೆಂದು ಯಾರೂ ಹೇಳಲಿಲ್ಲ. ಹೇಳಬೇಕಾದರೆ ಯಾರಾದರೂ ಕೇಳಿರಬೇಕಿತ್ತು.